ಅಪಘಾತದ ಮೊದಲ ಗಂಟೆಗಳು, ಆಮೇಲಿನ ವರ್ಷಗಳು

ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ 4,61,312 ರಸ್ತೆ ಅಪಘಾತಗಳು ದಾಖಲಾಗಿ 1,68,491 ಮಂದಿ ಸತ್ತರೆಂದು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವಾರ್ಷಿಕ ವರದಿ ತಿಳಿಸುತ್ತದೆ. ಅಪಘಾತವಾಗದಂತೆ ನೋಡಿಕೊಳ್ಳಿ ಎಂಬ ಬುದ್ಧಿಮಾತು ಶಾಲೆಯ ಗೋಡೆಯಿಂದ ಹಿಡಿದು ಲಾರಿಯ ಬೆನ್ನಿನವರೆಗೆ ಎಲ್ಲೆಡೆ ಬರೆದಿದ್ದರೂ, ಅಪಘಾತ ಆಗಿಯೇ ಹೋದ ಮೇಲೆ ಮಾಡಬೇಕಾದುದೇನು ಎಂಬುದನ್ನು ಹೇಳಿಕೊಡುವವರು ಕಡಿಮೆ. ಚಾಲನಾ ಪರವಾನಗಿಯ ಪರೀಕ್ಷೆಯಲ್ಲಿಯೂ ಈ ವಿಷಯಕ್ಕೆ ಸಿಗುವ ಜಾಗ ಅತ್ಯಲ್ಪ. ಈ ಅರಿವಿನ ಕೊರತೆಗೆ ತೆರಬೇಕಾದ ಬೆಲೆ ಮಾತ್ರ ದೊಡ್ಡದು. ಏಕೆಂದರೆ ಕಳೆದ ಹತ್ತು ವರ್ಷಗಳಲ್ಲಿ ಕಾನೂನು ಗಾಯಾಳುವಿನ ಕಡೆಗೆ ಸಾಕಷ್ಟು ವಾಲಿದ್ದರೂ, ವರ್ಷಗಳ ನಂತರ ಪರಿಹಾರ ನಿರ್ಧರಿಸಲು ಕುಳಿತ ನ್ಯಾಯಾಧೀಶರ ಮುಂದೆ ಬರುವುದು ಅಪಘಾತದ ಮೊದಲ ಕೆಲವು ಗಂಟೆಗಳಲ್ಲಿ ಹುಟ್ಟಿದ ನಾಲ್ಕಾರು ಕಾಗದಗಳು ಮಾತ್ರ. ಆ ಕಾಗದಗಳಲ್ಲಿ ತಪ್ಪು ನುಸುಳಿದರೆ ಅಥವಾ ಅವು ಹುಟ್ಟದೇ ಹೋದರೆ ಎಷ್ಟು ಒಳ್ಳೆಯ ಕಾನೂನೂ ನೆರವಿಗೆ ಬಾರದು.

ಡಿಕ್ಕಿಯ ಸದ್ದು ಅಡಗಿದ ಕ್ಷಣದಲ್ಲಿ ಮೊದಲು ಯೋಚಿಸಬೇಕಾದುದು ಎರಡನೆಯ ಡಿಕ್ಕಿಯ ಬಗ್ಗೆ. ಹೆದ್ದಾರಿಯಲ್ಲಿ ನಿಂತುಹೋದ ಕಾರಿಗೆ ಹಿಂದಿನಿಂದ ಬಂದ ವಾಹನ ಗುದ್ದಿ, ಮೊದಲ ಅಪಘಾತದಲ್ಲಿ ಬದುಕುಳಿದವರು ಎರಡನೆಯದರಲ್ಲಿ ಸಾಯುವ ಪ್ರಕರಣಗಳು ವಿರಳವಲ್ಲ; ರಾತ್ರಿಯ ಹೊತ್ತಿನಲ್ಲಂತೂ ಈ ಅಪಾಯ ಇಮ್ಮಡಿ. ಆದ್ದರಿಂದ ಎಂಜಿನ್ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್‌ಗಳು ಒಟ್ಟಿಗೆ ಮಿನುಗುವ ಹಜಾರ್ಡ್ ದೀಪ ಹಾಕಿ, ನಡೆಯಬಲ್ಲವರೆಲ್ಲರೂ ರಸ್ತೆಯಿಂದ ಆಚೆ, ಸಾಧ್ಯವಾದರೆ ತಡೆಬೇಲಿಯ ಹೊರಗೆ, ಹೋಗಿ ನಿಲ್ಲಬೇಕು. ಕಾರಿನೊಂದಿಗೆ ಬರುವ ಕೆಂಪು ಪ್ರತಿಫಲಕ ತ್ರಿಕೋನವನ್ನು ಹೆಚ್ಚಿನವರು ಡಿಕ್ಕಿಯಿಂದ ಹೊರಗೆ ತೆಗೆಯುವುದೇ ಇಲ್ಲ, ತೆಗೆದವರೂ ಕಾರಿನಿಂದ ನಾಲ್ಕು ಹೆಜ್ಜೆ ಹಿಂದೆ ಇಟ್ಟು ಸುಮ್ಮನಾಗುತ್ತಾರೆ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಕ್ರಮಿಸುವುದರಿಂದ, ತ್ರಿಕೋನ 50 ಮೀಟರ್ ಹಿಂದಿದ್ದರೂ ಅದರ ಪಕ್ಕ ಹಾದ ಚಾಲಕನಿಗೆ ಉಳಿಯುವುದು ಎರಡು ಸೆಕೆಂಡಿಗಿಂತ ಚೂರು ಹೆಚ್ಚು ಸಮಯ ಮಾತ್ರ. ಆದುದರಿಂದ ಹೆದ್ದಾರಿಯಲ್ಲಿ ನೂರು ಮೀಟರಿನ ಆಸುಪಾಸಿನಲ್ಲಿ, ತಿರುವಿದ್ದರೆ ತಿರುವಿಗೂ ಮೊದಲೇ, ಅದನ್ನು ಇಡುವುದು ಲೇಸು.

ಗಾಯಗೊಂಡವರ ವಿಷಯದಲ್ಲಿ ಮಾಡಬೇಕಾದುದಕ್ಕಿಂತ ಮಾಡಬಾರದ ಕೆಲಸಗಳೇ ಹೆಚ್ಚು. ನಮ್ಮ ಊರುಗಳಲ್ಲಿ ಅಪಘಾತವಾದೊಡನೆ ಯಾರಾದರೊಬ್ಬರು ನೀರಿನ ಬಾಟಲಿ ಹಿಡಿದು ಓಡಿ ಬರುತ್ತಾರೆ. ಅದರ ಹಿಂದಿನ ಕರುಣೆ ದೊಡ್ಡದಾದರೂ, ಎಚ್ಚರ ತಪ್ಪಿದವರ ಅಥವಾ ಅರೆಪ್ರಜ್ಞೆಯಲ್ಲಿರುವವರ ಬಾಯಿಗೆ ಹಾಕಿದ ನೀರು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಿಸಬಲ್ಲದು. ಕುತ್ತಿಗೆ ಅಥವಾ ಬೆನ್ನುಮೂಳೆಗೆ ಪೆಟ್ಟು ಬಿದ್ದಿರುವ ಶಂಕೆಯಿದ್ದಾಗ ಗಾಯಾಳುವನ್ನು ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ಮಡಚಿ ಕೂರಿಸುವುದರಿಂದ, ಗುಣವಾಗಬಹುದಾಗಿದ್ದ ಗಾಯವೇ ಜೀವನಪರ್ಯಂತದ ಪಾರ್ಶ್ವವಾಯುವಾಗಿ ಪರಿಣಮಿಸಬಹುದು. ಬೆಂಕಿ ಹೊತ್ತಿಕೊಳ್ಳುವ ಅಥವಾ ಇನ್ನೊಂದು ವಾಹನ ಗುದ್ದುವ ಭಯವಿಲ್ಲದಿದ್ದರೆ ಆಂಬುಲೆನ್ಸ್ ಬರುವ ತನಕ ಅಲುಗಾಡಿಸದಿರುವುದೇ ಸರಿ. ಸ್ಥಳದಲ್ಲಿರುವವರು ನಿಜಕ್ಕೂ ಮಾಡಬಹುದಾದ, ಜೀವ ಉಳಿಸಬಲ್ಲ ಕೆಲಸವೆಂದರೆ ರಕ್ತ ಹರಿಯುತ್ತಿರುವ ಜಾಗವನ್ನು ಶುಭ್ರವಾದ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯುವುದು, ಮತ್ತು ಬಟ್ಟೆ ನೆನೆದರೆ ಅದನ್ನು ಕಿತ್ತೆಸೆಯದೆ ಮೇಲೊಂದು ಬಟ್ಟೆ ಇಟ್ಟು ಒತ್ತುವುದನ್ನು ಮುಂದುವರಿಸುವುದು.

ಅಪಘಾತವಾದ ಮೊದಲ ಒಂದು ತಾಸನ್ನು ವೈದ್ಯರು ಸುವರ್ಣ ಗಂಟೆ ಎನ್ನುತ್ತಾರೆ. ಆ ಅವಧಿಯಲ್ಲಿ ಸಿಕ್ಕ ಚಿಕಿತ್ಸೆ ಸಾವನ್ನು ತಡೆಯುವ ಸಾಧ್ಯತೆ ಅತಿ ಹೆಚ್ಚೆಂಬ ಈ ಕಲ್ಪನೆಗೆ 2019ರ ತಿದ್ದುಪಡಿಯು ಮೋಟಾರು ವಾಹನಗಳ ಕಾಯ್ದೆಯಲ್ಲಿಯೇ ಸ್ಥಾನ ಕೊಟ್ಟಿದೆ. ಕರ್ನಾಟಕದಲ್ಲಿ ಆಂಬುಲೆನ್ಸಿಗೆ 108, ಪೊಲೀಸ್ ಸೇರಿದಂತೆ ಎಲ್ಲ ತುರ್ತು ಸೇವೆಗೆ 112, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033, ಈ ಮೂರು ಸಂಖ್ಯೆಗಳು ನೆನಪಿನಲ್ಲಿದ್ದರೆ ಸಾಕು. ಕರೆ ಮಾಡುವಾಗ ಊರ ಹೆಸರಿನ ಜೊತೆಗೆ ರಸ್ತೆಯ ಯಾವ ಬದಿ, ಯಾವ ಊರಿಗೆ ಹೋಗುವ ದಿಕ್ಕು, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಯಾವುದೆಂದು ಹೇಳಬೇಕು. ನಡುವೆ ವಿಭಜಕವಿರುವ ರಸ್ತೆಯಲ್ಲಿ ಬದಿ ತಪ್ಪಿ ಬಂದ ಆಂಬುಲೆನ್ಸ್ ತಿರುಗಿ ಬರಲು ಹಲವು ಕಿಲೋಮೀಟರ್ ಸುತ್ತಬೇಕಾಗುತ್ತದೆ.

ಪೊಲೀಸ್ ಕೇಸು ದಾಖಲಾಗದೆ ಸೇರಿಸಿಕೊಳ್ಳುವುದಿಲ್ಲ ಎಂದೋ ಮುಂಗಡ ಹಣ ಕಟ್ಟಿದರೆ ಮಾತ್ರ ಎಂದೋ ಆಸ್ಪತ್ರೆಯ ಕೌಂಟರಿನಲ್ಲಿ ಹೇಳುವವರಿಗೆ ಕಾನೂನಿನ ಬೆಂಬಲವಿಲ್ಲ. ಕಾರು ಗುದ್ದಿದ ಸ್ಕೂಟರ್ ಸವಾರನೊಬ್ಬನನ್ನು ಸೇರಿಸಿಕೊಳ್ಳದೆ ಸುಮಾರು 20 ಕಿಲೋಮೀಟರ್ ದೂರದ ಬೇರೊಂದು ಆಸ್ಪತ್ರೆಗೆ ಕಳುಹಿಸಿ, ಅವನು ದಾರಿಯಲ್ಲೇ ಸತ್ತ ಪ್ರಕರಣವನ್ನು ಮುಂದಿಟ್ಟುಕೊಂಡು ಸರ್ವೋಚ್ಚ ನ್ಯಾಯಾಲಯವು 1989ರ ಪರಮಾನಂದ ಕಟಾರಾ ತೀರ್ಪಿನಲ್ಲಿ, ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ವೈದ್ಯರೂ ಮೊದಲು ಜೀವ ಉಳಿಸಬೇಕು, ಕಾನೂನಿನ ವಿಧಿವಿಧಾನಗಳು ಆಮೇಲೆ ಎಂದು ಸ್ಪಷ್ಟಪಡಿಸಿತು. ಕರ್ನಾಟಕ ಸರ್ಕಾರ 2016ರಲ್ಲಿ ಆರಂಭಿಸಿದ ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯು ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶ ಮಾಡಿಕೊಟ್ಟಿತು. ಆ ವರ್ಷದ ಫೆಬ್ರವರಿಯಲ್ಲಿ ಬೆಂಗಳೂರು ಹೊರವಲಯದ ತುಮಕೂರು ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ದೇಹ ತುಂಡಾಗಿದ್ದರೂ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡು ಕಣ್ಮುಚ್ಚಿದ ಯುವಕನ ಹೆಸರು ಅದಕ್ಕಿದೆ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಪ್ರತಿ ಗಾಯಾಳುವಿಗೆ, ಯಾವ ರಸ್ತೆಯಲ್ಲಿ ಗಾಯಗೊಂಡರೂ, ಅಪಘಾತದ ದಿನದಿಂದ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ನಿಗದಿಪಡಿಸಿದ ಆಸ್ಪತ್ರೆಗಳಲ್ಲಿ ಸಿಗಬೇಕು. ಇದಕ್ಕೆ ಅಪಘಾತ ನಡೆದಿದೆಯೆಂದು ಪೊಲೀಸರು ದೃಢಪಡಿಸಬೇಕಾದುದರಿಂದ 112ಕ್ಕೆ ಮಾಡಿದ ಕರೆಗೆ ಹಣದ ಲೆಕ್ಕದಲ್ಲಿಯೂ ಬೆಲೆಯಿದೆ.

ದಾರಿಹೋಕರು ನೆರವಿಗೆ ಬಾರದಿರಲು ಠಾಣೆ, ಕೋರ್ಟುಗಳ ಭಯವೇ ಮುಖ್ಯ ಕಾರಣವೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಭಯಕ್ಕೆ ಇಂದು ಕಾನೂನಿನಲ್ಲಿ ಆಧಾರವಿಲ್ಲ. ಸೇವ್‌ಲೈಫ್ ಪ್ರತಿಷ್ಠಾನದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ 2016ರ ಮಾರ್ಚ್ 30ರಂದು ನೀಡಿದ ತೀರ್ಪು ಹಾಗೂ ಕಾಯ್ದೆಗೆ ಸೇರಿಸಿದ 134ಎ ಕಲಮಿನ ಪ್ರಕಾರ, ಸದುದ್ದೇಶದಿಂದ ನೆರವಾದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಹೆಸರು ವಿಳಾಸ ಕೊಡಲೇಬೇಕೆಂದು ಒತ್ತಾಯಿಸುವಂತಿಲ್ಲ, ಅವರಾಗಿಯೇ ಸಾಕ್ಷಿ ನುಡಿಯಲು ಒಪ್ಪಿದರೆ ಮಾತ್ರ ಅವರ ಹೇಳಿಕೆ ಪಡೆಯಬೇಕು. ಇಂಥವರ ರಕ್ಷಣೆಗೆ ಪ್ರತ್ಯೇಕ ಶಾಸನವನ್ನೇ ರೂಪಿಸಿದ ಮೊದಲ ರಾಜ್ಯ ಕರ್ನಾಟಕವಾಗಿದ್ದರೂ, ಅದರ ಸುದ್ದಿ ರಸ್ತೆಬದಿಯ ಟೀ ಅಂಗಡಿಯವರೆಗೆ ತಲುಪಿದಂತೆ ಕಾಣುವುದಿಲ್ಲ. ತೀವ್ರವಾಗಿ ಗಾಯಗೊಂಡವರನ್ನು ಸುವರ್ಣ ಗಂಟೆಯೊಳಗೆ ಆಸ್ಪತ್ರೆ ಮುಟ್ಟಿಸಿದವರಿಗೆ ಕೇಂದ್ರ ಸರ್ಕಾರ ಕೊಡುವ ಬಹುಮಾನವನ್ನು 5,000 ರೂಪಾಯಿಯಿಂದ 25,000ಕ್ಕೆ ಏರಿಸಲಾಗಿದೆ.

ಅಪಘಾತದಲ್ಲಿ ಪಾಲಿರುವ ವಾಹನದ ಚಾಲಕನ ಹೊಣೆಯನ್ನು ಕಾಯ್ದೆಯ 134ನೇ ಕಲಮು ಬಿಡಿಸಿ ಹೇಳುತ್ತದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಲು ಅವನು ಸಾಧ್ಯವಾದುದೆಲ್ಲವನ್ನೂ ಮಾಡಬೇಕು. ಪೊಲೀಸರು ಸ್ಥಳದಲ್ಲಿಲ್ಲದಿದ್ದರೆ ಆದಷ್ಟು ಬೇಗ, ಏನೇ ಆದರೂ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ವರದಿ ಮಾಡಬೇಕು. ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಇದೇ ಕಲಮಿನಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ: ಗುಂಪಿನ ಆಕ್ರೋಶದಿಂದಾಗಿ ಅಸಾಧ್ಯವಾದಾಗ ಗಾಯಾಳುವನ್ನು ಕೊಂಡೊಯ್ಯುವ ಹೊಣೆಯಿಂದ ಚಾಲಕನಿಗೆ ವಿನಾಯಿತಿಯಿದೆ. ರಸ್ತೆಯ ಮೇಲೆ ನಡೆಯುವ ಹೊಡೆತ ಬಡಿತವನ್ನು ಶಾಸನವೇ ಊಹಿಸಿಕೊಂಡು ಬರೆದಿರುವುದು ನಮ್ಮ ಸಮಾಜದ ಬಗ್ಗೆ ಹೆಮ್ಮೆಪಡುವ ಸಂಗತಿಯೇನಲ್ಲ. ಆದರೆ ಜೀವಭಯದಿಂದ ಸ್ಥಳ ಬಿಟ್ಟವನು ನೇರವಾಗಿ ಠಾಣೆಗೆ ಹೋಗಿ ಕಾರಣ ಹೇಳಬೇಕೇ ಹೊರತು ಮೊಬೈಲ್ ಸ್ವಿಚ್ ಆಫ್ ಮಾಡಿ ನೆಂಟರ ಮನೆ ಸೇರುವಂತಿಲ್ಲ; ಮೊದಲನೆಯದು ಕಾನೂನು ಒಪ್ಪುವ ನಡೆ, ಎರಡನೆಯದು ಪರಾರಿ.

ಯಾರಿಗೂ ಗಾಯವಾಗದೆ ವಾಹನಗಳಷ್ಟೇ ಜಖಂಗೊಂಡಾಗ ನಡೆಯುವ ಪ್ರಸಂಗ ಬೇರೆ ಬಗೆಯದು. ನಗರಗಳಲ್ಲಿ ಇಂಥ ಹೊತ್ತಿನಲ್ಲಿ ಐದು ನಿಮಿಷ ಜೋರು ಮಾತು, ಆಮೇಲೆ ಇಲ್ಲೇ ಸೆಟಲ್ ಮಾಡಿಕೊಳ್ಳಿ ಎಂಬ ಹಿತವಚನ, ಕೊನೆಗೆ ಒಂದಷ್ಟು ಹಣ ಕೈ ಬದಲಾಯಿಸುವುದು ರೂಢಿ. ಬಂಪರಿನ ಗೀರಿಗೆ ಇದು ಸಾಕಾದೀತು. ಆದರೆ ದೇಹಕ್ಕೆ ಕಿಂಚಿತ್ತು ಪೆಟ್ಟಾಗಿರುವ ಶಂಕೆಯಿದ್ದರೂ ಈ ರಾಜಿ ಇಬ್ಬರಿಗೂ ಕೆಡುಕು. ತಲೆಬುರುಡೆಯೊಳಗೆ ನಿಧಾನವಾಗಿ ರಕ್ತ ಜಿನುಗುತ್ತಿದ್ದರೂ ಮೊದಲ ಕೆಲವು ಗಂಟೆ ಗಾಯಾಳು ಎದ್ದು ಓಡಾಡಿಕೊಂಡು, ಏನೂ ಆಗಿಲ್ಲವೆನ್ನುತ್ತಾ ಇರುವುದು ವೈದ್ಯರಿಗೆ ಗೊತ್ತಿರುವ ಮೋಸದ ಲಕ್ಷಣ. ಸೀಟ್ ಬೆಲ್ಟಿನ ಒತ್ತಡದಿಂದ ಹೊಟ್ಟೆಯೊಳಗೆ ಆದ ಗಾಯವೂ ತಡವಾಗಿ ಕಾಣಿಸಿಕೊಳ್ಳಬಹುದು. ವಾಂತಿ, ಹೆಚ್ಚುತ್ತಿರುವ ತಲೆನೋವು, ಅಕಾಲದ ತೂಕಡಿಕೆ, ಹೊಟ್ಟೆನೋವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮೇಲಾಗಿ, ವಿಮಾ ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ತಪ್ಪೊಪ್ಪಿಕೊಳ್ಳುವುದಾಗಲಿ ಹಣ ಕೊಡುವೆನೆಂದು ಮಾತು ಕೊಡುವುದಾಗಲಿ ಕೂಡದೆಂಬ ಷರತ್ತು ಮೋಟಾರು ವಿಮಾ ಪಾಲಿಸಿಯಲ್ಲಿ ಇರುತ್ತದೆ. ಅದನ್ನು ಓದಿದವರು ಅಪರೂಪ.

ಜಗಳಕ್ಕೆ ವ್ಯಯವಾಗುವ ಆ ಐದು ನಿಮಿಷದಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಅದು ಹತ್ತು ಸಾಕ್ಷಿಗಳಿಗೆ ಸಮ. ವಾಹನಗಳನ್ನು ಸರಿಸುವ ಮುನ್ನ ಅವು ನಿಂತಿರುವ ಭಂಗಿ ಮತ್ತು ರಸ್ತೆಯ ಎರಡೂ ಅಂಚು ಒಂದೇ ಚೌಕಟ್ಟಿನಲ್ಲಿ ಬರುವಂತೆ ದೂರದಿಂದ, ಬಳಿಕ ನಂಬರ್ ಪ್ಲೇಟು, ಬ್ರೇಕ್ ಹಾಕಿದ ಟೈರಿನ ಗುರುತು, ಚೆಲ್ಲಿದ ಗಾಜು, ಸೂಚನಾ ಫಲಕ, ಹಳ್ಳ ಇವುಗಳನ್ನು ಹತ್ತಿರದಿಂದ ಚಿತ್ರಿಸಿಕೊಳ್ಳಬೇಕು. ಎದುರಿನ ಅಂಗಡಿಯ ಸಿಸಿಟಿವಿ ದೃಶ್ಯಗಳು ಕೆಲವೇ ದಿನಗಳಲ್ಲಿ ತಾವಾಗಿಯೇ ಅಳಿಸಿಹೋಗುವುದರಿಂದ ಅವುಗಳ ಬಗ್ಗೆ ತನಿಖಾಧಿಕಾರಿಗೆ ಅಂದೇ ಬರೆದು ಕೊಡುವುದು ಜಾಣತನ.

ಈಗ ಆಸ್ಪತ್ರೆಯ ಕಾಗದದ ವಿಷಯ. ಪರಿಹಾರದ ಮೊಕದ್ದಮೆಗಳನ್ನು ನಡೆಸುವ ವಕೀಲರು ಕೇಸಿನ ಕಡತದಲ್ಲಿ ಮೊದಲು ಹುಡುಕುವುದು ಇದನ್ನೇ. ಅಪಘಾತದ ಗಾಯಾಳು ಬಂದೊಡನೆ ತುರ್ತು ವಿಭಾಗದ ವೈದ್ಯರು ಎಂಎಲ್‌ಸಿ ಎಂದು ಕರೆಯಲಾಗುವ, ಅಂದರೆ ಪೊಲೀಸರಿಗೆ ತಿಳಿಸಲೇಬೇಕಾದ ಪ್ರಕರಣಗಳ, ವಹಿಯಲ್ಲಿ ಗಾಯ ಹೇಗಾಯಿತೆಂದು ಒಂದು ಸಾಲು ಬರೆಯುತ್ತಾರೆ. ಗಾಯಾಳುವಿಗೆ ಎಚ್ಚರವಿಲ್ಲದಾಗ ಜೊತೆಗೆ ಬಂದವರು ಹೇಳಿದ್ದೇ ಆ ಸಾಲು. ಕಾರು ಗುದ್ದಿದ್ದನ್ನು ನೋಡಿರದ ನೆಂಟನೊಬ್ಬ ಗಾಬರಿಯಲ್ಲಿ ಬೈಕಿನಿಂದ ಬಿದ್ದ ಎಂದುಬಿಟ್ಟರೆ, ವಹಿಯಲ್ಲಿ ಸ್ವಯಂ ಬಿದ್ದು ಗಾಯ ಎಂದು ದಾಖಲಾಗುತ್ತದೆ. ಕಾರಿನ ವಿಮಾ ಕಂಪನಿ ಮೂರು ವರ್ಷದ ಮೇಲೆ ಆ ಒಂದು ಸಾಲನ್ನು ಎತ್ತಿ ತೋರಿಸಿ, ತಾನಾಗಿ ಬಿದ್ದವನು ಪರಿಹಾರಕ್ಕಾಗಿ ಆಮೇಲೆ ಕಾರನ್ನು ಕಥೆಗೆ ಸೇರಿಸಿದ್ದಾನೆಂದು ವಾದಿಸುತ್ತದೆ, ಹಲವು ಸಲ ಗೆಲ್ಲುತ್ತದೆ ಕೂಡ. ಗುದ್ದಿದ ವಾಹನ ಯಾವುದೆಂದು ಗೊತ್ತಿದ್ದರೆ ಅದರ ಸಂಖ್ಯೆಯನ್ನೂ, ಗೊತ್ತಿಲ್ಲದಿದ್ದರೆ ಅಪರಿಚಿತ ವಾಹನ ಗುದ್ದಿದೆ ಎಂಬುದನ್ನೂ ಬರೆಸಬೇಕು. ಏನೂ ಗೊತ್ತಿಲ್ಲದವರು ಊಹಿಸಿ ಹೇಳುವ ಬದಲು ಗೊತ್ತಿಲ್ಲವೆಂದೇ ಹೇಳಬೇಕು. ಮುಂದೆ ಇದೇ ದಾಖಲೆಯ ಆಧಾರದ ಮೇಲೆ ಗಾಯದ ಪ್ರಮಾಣಪತ್ರ ತಯಾರಾಗುತ್ತದೆ.

ಠಾಣೆಯಲ್ಲಿ ಕೊಡುವ ದೂರಿಗೂ ಇದೇ ಎಚ್ಚರ ಬೇಕು. ಕನ್ನಡದ ಅಪಘಾತ ದೂರುಗಳಲ್ಲಿ ಅತಿವೇಗ ಹಾಗೂ ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು ಎಂಬ ಸಿದ್ಧ ವಾಕ್ಯ ತಪ್ಪದೆ ಇರುತ್ತದೆ. ಅದರಿಂದ ಕೇಸು ದಾಖಲಾಗುತ್ತದೆಯೇ ಹೊರತು ನಡೆದದ್ದೇನೆಂದು ತಿಳಿಯುವುದಿಲ್ಲ. ಯಾವ ದಿಕ್ಕಿನಿಂದ ಯಾವ ವಾಹನ ಬಂತು, ಸಿಗ್ನಲ್ ಯಾವ ಬಣ್ಣದಲ್ಲಿತ್ತು, ಬೀದಿದೀಪ ಉರಿಯುತ್ತಿತ್ತೇ ಎಂಬುದನ್ನು ಸ್ವಂತ ಮಾತಿನಲ್ಲಿ ಬರೆದ ಅರ್ಧ ಪುಟ ಹೆಚ್ಚು ಬಾಳುತ್ತದೆ. ಬಳಿಕ ಪೊಲೀಸರು ಪಂಚರ ಸಮ್ಮುಖದಲ್ಲಿ ಸ್ಥಳ ಮಹಜರು ಮಾಡಿ ರಸ್ತೆಯ ಅಗಲ, ಡಿಕ್ಕಿ ನಡೆದ ಬಿಂದು, ವಾಹನಗಳ ಸ್ಥಾನವನ್ನು ನಕ್ಷೆಯಲ್ಲಿ ಗುರುತಿಸುತ್ತಾರೆ, ಮೋಟಾರು ವಾಹನ ನಿರೀಕ್ಷಕರು ವಾಹನದ ಬ್ರೇಕ್ ಮತ್ತು ಜಖಂಗಳ ತಪಾಸಣೆ ನಡೆಸಿ ವರದಿ ಕೊಡುತ್ತಾರೆ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 90 ದಿನಗಳೊಳಗೆ ವಿವರವಾದ ಅಪಘಾತ ವರದಿಯನ್ನು ಪರಿಹಾರ ನ್ಯಾಯಾಧಿಕರಣಕ್ಕೂ ವಿಮಾ ಕಂಪನಿಗೂ ಸಲ್ಲಿಸಬೇಕು. ಗಾಯಾಳುವಿಗೆ ಅವನ ಹಕ್ಕುಗಳನ್ನು ತಿಳಿಸುವ ನಮೂನೆಯನ್ನು ಕೊಡಬೇಕಾದುದೂ ಅವರ ಕರ್ತವ್ಯವೇ. ಆಸ್ಪತ್ರೆಯ ಓಡಾಟದಲ್ಲಿ ದೂರು ತಡವಾದರೆ ಎದೆಗುಂದಬೇಕಿಲ್ಲ, ದೂರಿನ ವಿಳಂಬವೊಂದನ್ನೇ ಕಾರಣವಾಗಿಸಿ ಪರಿಹಾರ ನಿರಾಕರಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿದೆ. ವಶಪಡಿಸಿಕೊಂಡ ವಾಹನವನ್ನು ವಿಚಾರಣೆ ಮುಗಿಯುವವರೆಗೆ ಠಾಣೆಯಂಗಳದಲ್ಲಿ ತುಕ್ಕು ಹಿಡಿಯಲು ಬಿಡಬೇಕಾಗಿಯೂ ಇಲ್ಲ. ಮುಚ್ಚಳಿಕೆ ಬರೆದುಕೊಟ್ಟು ನ್ಯಾಯಾಲಯದ ಮೂಲಕ ಬಿಡಿಸಿಕೊಳ್ಳಬಹುದು.

ಸ್ವಂತ ಕಾರಿನ ದುರಸ್ತಿಗೆ ಸಮಗ್ರ ವಿಮೆ ಇರಬೇಕು. ಕಾನೂನು ಕಡ್ಡಾಯಗೊಳಿಸಿರುವ ಥರ್ಡ್ ಪಾರ್ಟಿ ವಿಮೆ ಇತರರಿಗಾದ ಹಾನಿಯನ್ನಷ್ಟೇ ಭರಿಸುತ್ತದೆ. ಸರ್ವೇಯರ್, ಅಂದರೆ ನಷ್ಟ ಅಂದಾಜು ಮಾಡುವ ಪರವಾನಗಿ ಪಡೆದ ಪರಿಣತ, ನೋಡುವ ಮೊದಲು ಗ್ಯಾರೇಜಿನವರು ಕೆಲಸ ಆರಂಭಿಸದಂತೆ ನೋಡಿಕೊಳ್ಳಬೇಕು. ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಸಾಮಾನ್ಯ ಪಾಲಿಸಿ ಅರ್ಧವನ್ನಷ್ಟೇ ಕೊಡುವುದರಿಂದ ಬಂಪರ್ ಬದಲಾಯಿಸಿದವರಿಗೆ ಬಿಲ್ಲು ನೋಡಿ ಅಚ್ಚರಿಯಾಗುತ್ತದೆ. ದುರಸ್ತಿಯ ವೆಚ್ಚ ವಿಮೆ ಮಾಡಿಸಿದ ಮೌಲ್ಯದ ಶೇಕಡಾ 75ನ್ನು ಮೀರಿದರೆ ವಾಹನ ಪೂರ್ಣ ನಷ್ಟವಾಗಿದೆಯೆಂದು ಪರಿಗಣಿಸಲಾಗುತ್ತದೆ. ಕ್ಲೇಮು ಮಾಡದ ವರ್ಷಗಳಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ ಶೇಕಡಾ 50ರವರೆಗೂ ಏರುವುದರಿಂದ, ಸಣ್ಣ ಗೀರಿಗೆ ಕ್ಲೇಮು ಮಾಡಿ ಅದನ್ನು ಕಳೆದುಕೊಳ್ಳುವುದು ಲೆಕ್ಕ ಬಲ್ಲವರ ಕೆಲಸವಲ್ಲ.

ಗಾಯ ಅಥವಾ ಸಾವಿನ ಪರಿಹಾರವನ್ನು ನಿರ್ಧರಿಸುವುದು ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣ. ಅದು ಹಣ ಲೆಕ್ಕ ಹಾಕುವ ಬಗೆಯನ್ನು 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಥಿ ತೀರ್ಪುಗಳು ಖಚಿತಗೊಳಿಸಿವೆ. ತಿಂಗಳಿಗೆ 20,000 ರೂಪಾಯಿ ದುಡಿಯುತ್ತಿದ್ದ 38 ವರ್ಷದ ಟ್ಯಾಕ್ಸಿ ಚಾಲಕನೊಬ್ಬ ಸತ್ತು, ಅವನನ್ನು ನಂಬಿದ ಹೆಂಡತಿ, ತಾಯಿ, ಇಬ್ಬರು ಮಕ್ಕಳು ಉಳಿದಿದ್ದಾರೆನ್ನೋಣ. ಸ್ವಂತ ಉದ್ಯೋಗದ, 40ಕ್ಕಿಂತ ಕಡಿಮೆ ವಯಸ್ಸಿನವನಾದ್ದರಿಂದ ಮುಂದಿನ ದುಡಿಮೆಯ ನಿರೀಕ್ಷೆಗೆ ಶೇಕಡಾ 40 ಸೇರಿಸಿದರೆ 28,000, ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 21,000, ವರ್ಷಕ್ಕೆ 2,52,000, ಆ ವಯಸ್ಸಿಗೆ ನಿಗದಿಯಾದ ಗುಣಕ 15ರಿಂದ ಗುಣಿಸಿದರೆ 37,80,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ, ಸಾಂಗತ್ಯದ ನಷ್ಟ ಮುಂತಾದ ಬಾಬತ್ತುಗಳು ಇದಕ್ಕೆ ಸೇರುತ್ತವೆ. ಆದಾಯಕ್ಕೆ ದಾಖಲೆಯಿಲ್ಲದೆ ನ್ಯಾಯಾಧಿಕರಣ ತಿಂಗಳಿಗೆ 15,000 ಎಂದು ಅಂದಾಜಿಸಿದರೆ ಮೊತ್ತ 28,35,000ಕ್ಕೆ ಇಳಿದು, ಕುಟುಂಬ ಒಂಬತ್ತು ಲಕ್ಷಕ್ಕೂ ಹೆಚ್ಚು ಕಳೆದುಕೊಳ್ಳುತ್ತದೆ. ನಗದಿನಲ್ಲಿಯೇ ದುಡಿದು ಖರ್ಚು ಮಾಡುವ ಮನೆಗಳಲ್ಲಿ ಬ್ಯಾಂಕಿನ ಪಾಸ್‌ಬುಕ್ಕಿಗೆ ಇರುವ ಬೆಲೆ ಇಂಥ ಹೊತ್ತಿನಲ್ಲಿ ತಿಳಿಯುತ್ತದೆ.

ಯಾರ ತಪ್ಪೆಂದು ಸಾಬೀತುಪಡಿಸುವ ಗೋಜಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಪಡೆಯುವ ಇನ್ನೊಂದು ದಾರಿ 164ನೇ ಕಲಮಿನಲ್ಲಿದೆ. ಗುದ್ದಿದ ವಾಹನ ಪತ್ತೆಯಾಗದಿದ್ದರೆ ತಾಲ್ಲೂಕು ಅಥವಾ ಉಪವಿಭಾಗ ಮಟ್ಟದ ಕಂದಾಯ ಅಧಿಕಾರಿಗೆ ಅರ್ಜಿ ಹಾಕಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪಡೆಯಬಹುದು. ಗುದ್ದಿದವನ ಬಳಿ ಸರಿಯಾದ ಚಾಲನಾ ಪರವಾನಗಿ ಇಲ್ಲದ ಪ್ರಕರಣಗಳಲ್ಲಿಯೂ ವಿಮಾ ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ವಾಹನದ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸುವ ಪರಿಪಾಠವನ್ನು 2004ರ ಸ್ವರ್ಣ ಸಿಂಗ್ ತೀರ್ಪು ಬಲಪಡಿಸಿದೆ. ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಲು 1994ರಿಂದ 2022ರವರೆಗೆ ಕಾಲಮಿತಿಯೇ ಇರಲಿಲ್ಲ, ಈಗ ಆರು ತಿಂಗಳೆಂದು ಕಾಯ್ದೆ ಹೇಳುತ್ತದೆ; ಈ ಮಿತಿಯನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದ್ದರೂ ಅದನ್ನು ನಂಬಿ ಕೂರುವುದು ತರವಲ್ಲ. ತಿರುಪತಿಗೋ ಶಿರಡಿಗೋ ಶಬರಿಮಲೆಗೋ ಹೊರಟವರು ಹೊರರಾಜ್ಯದಲ್ಲಿ ಅಪಘಾತಕ್ಕೀಡಾದರೆ ಅಲ್ಲಿಯ ಕೋರ್ಟಿಗೆ ಅಲೆಯಬೇಕಿಲ್ಲ, ತಾವು ವಾಸವಿರುವ ಜಿಲ್ಲೆಯ ನ್ಯಾಯಾಧಿಕರಣದಲ್ಲಿಯೇ ಅರ್ಜಿ ಹಾಕಬಹುದು. ಅಲ್ಲಿಯ ಠಾಣೆಯ ದಾಖಲೆಗಳ ದೃಢೀಕೃತ ಪ್ರತಿಗಳನ್ನು ಮಾತ್ರ ಊರಿಗೆ ಮರಳುವ ಮೊದಲೇ, ಆಗದಿದ್ದರೆ ಆದಷ್ಟು ಬೇಗ, ತರಿಸಿಕೊಳ್ಳಬೇಕು. ತೀರ್ಪಾದ ಮೇಲೆ ಇಡೀ ಮೊತ್ತ ಒಮ್ಮೆಲೇ ಕೈಗೆ ಬರುವುದೆಂದು ಸಾಲಗಾರರಿಗೆ ಮಾತು ಕೊಡುವಂತಿಲ್ಲ. ಅಪ್ರಾಪ್ತ ಮಕ್ಕಳ ಪಾಲನ್ನು ಅವರು ಪ್ರಾಯಕ್ಕೆ ಬರುವವರೆಗೂ, ದೊಡ್ಡವರ ಪಾಲಿನ ಒಂದು ಭಾಗವನ್ನು ಕೆಲವು ವರ್ಷಗಳವರೆಗೂ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿ ಇರಿಸಲು ನ್ಯಾಯಾಧಿಕರಣ ಸಾಮಾನ್ಯವಾಗಿ ಆದೇಶಿಸುತ್ತದೆ. ಚಿಕಿತ್ಸೆ, ಓದು, ಮನೆ ದುರಸ್ತಿಯಂಥ ಕಾರಣ ತೋರಿಸಿ ಅರ್ಜಿ ಕೊಟ್ಟರೆ ಅವಧಿಗೆ ಮುಂಚೆಯೇ ಬಿಡುಗಡೆ ಮಾಡುವ ಅಧಿಕಾರವೂ ಅದಕ್ಕಿದೆ.